ಸಿಡ್ ಬ್ಯಾರೆಟ್ ಸ್ಟುಡಿಯೋಗೆ ಬಂದ ದಿನ: ಪಿಂಕ್ ಫ್ಲಾಯ್ಡ್ ಕಥೆಗಳಲ್ಲಿ ನಿಜ ಎಷ್ಟು, ಸೇರಿಸಿದ್ದೆಷ್ಟು?

ನಮಸ್ಕಾರ ಎಲ್ರಿಗೂ.

1975, ಜೂನ್ 5. ಲಂಡನ್ನಿನ ಅಬ್ಬೆ ರೋಡ್‌ನಲ್ಲಿರೋ ಸ್ಟುಡಿಯೋ. ಪಿಂಕ್ ಫ್ಲಾಯ್ಡ್ ಅನ್ನೋ ಬ್ರಿಟಿಷ್ ರಾಕ್ ಬ್ಯಾಂಡಿನವ್ರು ಹೊಸ ಆಲ್ಬಮ್ಮಿನ ಮಿಕ್ಸಿಂಗ್ ಮಾಡ್ತಾ ಕೂತಿದಾರೆ. ಯಾರೋ ಒಬ್ಬ ಒಳಗೆ ಬಂದಿದಾನೆ. ದಪ್ಪ ಮೈ, ನುಣ್ಣಗೆ ಬೋಳಿಸಿರೋ ತಲೆ, ಹುಬ್ಬನ್ನೂ ಬೋಳಿಸ್ಕೊಂಡಿದಾನೆ, ಮೈಮೇಲೆ ಹಳೇ ಕೋಟು, ಕೈಯಲ್ಲೊಂದು ಪ್ಲಾಸ್ಟಿಕ್ ಕವರು. ಡ್ರಮ್ಮರ್ ನಿಕ್ ಮೇಸನ್‌ಗೆ ಅವನು ಯಾರು ಅಂತಾನೇ ಗೊತ್ತಾಗ್ಲಿಲ್ಲ. ಗಿಟಾರಿಸ್ಟ್ ಡೇವಿಡ್ ಗಿಲ್ಮೋರ್ ಹತ್ರ ಬಂದು, ಇವನ್ಯಾರು ಗೊತ್ತಾಯ್ತಾ ಅಂತ ಕೇಳಿದ್ರೂ ಗೊತ್ತಾಗ್ಲಿಲ್ಲ, ಕೊನೆಗೆ ಹೆಸರನ್ನೇ ಹೇಳ್ಬೇಕಾಯ್ತು.

ಸಿಡ್ ಬ್ಯಾರೆಟ್. ಈ ಬ್ಯಾಂಡಿಗೆ ಹೆಸರಿಟ್ಟವನು. 1967ರಲ್ಲಿ ಬಂದ ಮೊದಲ ಆಲ್ಬಮ್ಮಿನ ಹೆಚ್ಚುಕಮ್ಮಿ ಎಲ್ಲಾ ಹಾಡುಗಳನ್ನ ಬರೆದವನು.

[ಸ್ಕ್ರೀನ್ ಮೇಲೆ: 1967ರ ಸಿಡ್, ಗುಂಗುರು ಕೂದಲು]

ಈ ಬ್ಯಾಂಡ್ ಬಗ್ಗೆ ಕಥೆಗಳಿಗೇನು ಬರ ಇಲ್ಲ. ಅವ್ರ 1973ರ ಆಲ್ಬಮ್ಮನ್ನ 1939ರ ಒಂದು ಹಾಲಿವುಡ್ ಸಿನಿಮಾಗೆ ಸರಿಹೊಂದೋ ಹಾಗೆ ಬೇಕಂತಲೇ ಮಾಡಿದಾರೆ ಅಂತ ಒಂದು ಕಥೆ ಇದೆ, ಆಲ್ಬಮ್ ಇರೋದು 43 ನಿಮಿಷ, ಸಿನಿಮಾ ಒಂದೂಮುಕ್ಕಾಲು ಗಂಟೆ ಹತ್ರ, ರೆಕಾರ್ಡಿಂಗ್ ಎಂಜಿನಿಯರ್ ಅಲನ್ ಪಾರ್ಸನ್ಸ್ ಕೂಡ ಅಂಥದ್ದೇನೂ ನಡೆದೇ ಇಲ್ಲ ಅಂದಿದಾರೆ, ಅಲ್ಲಿಗೆ ಆ ವಿಷಯ ಮುಗೀತು. ಪಿಂಕ್ ಫ್ಲಾಯ್ಡ್ ಅಂದ್ರೆ ಯಾರೋ ಒಬ್ಬ ವ್ಯಕ್ತಿ ಅಂದ್ಕೊಂಡಿರೋರೂ ಇದಾರೆ. ಅದು ಒಬ್ಬರ ಹೆಸರಲ್ಲ, ಇಬ್ಬರದ್ದು. ಪಿಂಕ್ ಆಂಡರ್ಸನ್, ಫ್ಲಾಯ್ಡ್ ಕೌನ್ಸಿಲ್ ಅಂತ ಅಮೆರಿಕದ ಇಬ್ಬರು ಬ್ಲೂಸ್ ಹಾಡುಗಾರರು, ಸಿಡ್ ಅವ್ರಿಬ್ಬರ ಹೆಸರನ್ನ ಜೋಡಿಸಿದ ಅಷ್ಟೇ.

ಆದ್ರೆ ನನಗೆ ತುಂಬಾ ವರ್ಷದಿಂದ ಮನಸ್ಸಿಗೆ ಚುಚ್ತಾ ಇರೋದು ಸಿಡ್ ಬಗ್ಗೆ ಇರೋ ಕಥೆಗಳು, ಯಾಕಂದ್ರೆ ಅಲ್ಲಿ ನಿಜವಾದ ಒಬ್ಬ ಮನುಷ್ಯ ಇದ್ದ.

ಮೊದಲು ಆ ಜೂನ್ ದಿನಾನೇ ತಗೊಳೋಣ. ಎಲ್ಲಾ ಕಡೆ ಹೇಳೋದು ಏನು ಅಂದ್ರೆ, ಸಿಡ್ ಆ ಸ್ಥಿತೀಲಿ ಬಂದಿದ್ದು ನೋಡಿ ಇವ್ರೆಲ್ಲಾ ಅತ್ತುಬಿಟ್ರು, ಆ ದುಃಖದಲ್ಲಿ ‘ಶೈನ್ ಆನ್ ಯೂ ಕ್ರೇಜಿ ಡೈಮಂಡ್’ ಹುಟ್ಟಿತು ಅಂತ. ಅತ್ತಿದ್ದು ನಿಜ. ಆದ್ರೆ ಹಾಡು ಹುಟ್ಟಿದ್ದು ಅವತ್ತಲ್ಲ. 1974ರ ಶುರುವಿನಲ್ಲಿ ರಿಹರ್ಸಲ್ ಮಾಡ್ತಿದ್ದಾಗ ಗಿಲ್ಮೋರ್ ಗಿಟಾರಿನಿಂದ ನಾಲ್ಕೇ ನಾಲ್ಕು ಸ್ವರ ಬಂತು, ಅದನ್ನ ಕೇಳಿ ಬ್ಯಾಂಡಿನ ಬೇಸ್ ಗಿಟಾರಿಸ್ಟ್ ರೋಜರ್ ವಾಟರ್ಸ್‌ಗೆ ಸಿಡ್ ನೆನಪಾದ, ಅಲ್ಲಿಂದ ಬೆಳೆದ ಹಾಡು ಅದು. ಅದೇ ವರ್ಷ ಫ್ರಾನ್ಸಲ್ಲಿ, ಆಮೇಲೆ ಬ್ರಿಟನ್ನಲ್ಲಿ ಸ್ಟೇಜ್ ಮೇಲೂ ನುಡಿಸಿದಾರೆ. ಅಂದ್ರೆ ಸಿಡ್ ಬಾಗಿಲು ತೆಗೆದು ಒಳಗೆ ಬರೋ ಹೊತ್ತಿಗೆ ಆ ಹಾಡಿಗೆ ಒಂದು ವರ್ಷ ಆಗೋಗಿತ್ತು.

ಒಂದು ಸಲ ಆ ರೂಮಲ್ಲಿ ನೀವೇ ಇದೀರಿ ಅಂದ್ಕೊಳಿ. ಏಳು ವರ್ಷದ ಹಿಂದೆ ಬಿಟ್ಟುಬಂದ ಗೆಳೆಯನ ಬಗ್ಗೆ ಬರೆದ ಹಾಡು, ಅದರ ಕೆಲಸ ನಡೀತಾ ಇರೋವಾಗ, ಅದೇ ಗೆಳೆಯ ಬಂದು ನಿಂತಿದಾನೆ, ಗುರುತೇ ಸಿಗ್ತಿಲ್ಲ.

ಇನ್ನೊಂದು ಕಥೆ, ಅವತ್ತಿನ ನಂತರ ಅವನನ್ನ ಬ್ಯಾಂಡಿನವ್ರು ಯಾರೂ ನೋಡ್ಲೇ ಇಲ್ಲ ಅನ್ನೋದು. ಇದರಲ್ಲಿ ಮುಕ್ಕಾಲು ಪಾಲು ನಿಜ. ಒಂದೆರಡು ವರ್ಷ ಆದ್ಮೇಲೆ ಲಂಡನ್ನಿನ ಹ್ಯಾರಡ್ಸ್ ಅಂಗಡೀಲಿ ವಾಟರ್ಸ್ ಕಣ್ಣಿಗೆ ಒಂದು ಸಲ ಬಿದ್ದ, ಇವ್ರನ್ನ ನೋಡಿದ್ದೇ ಕೈಯಲ್ಲಿದ್ದ ಬ್ಯಾಗುಗಳನ್ನ ಅಲ್ಲೇ ಬಿಟ್ಟು ಓಡಿಹೋದ. ಆಮೇಲೆ ಇಲ್ಲ.

ಸರಿ, ಬ್ಯಾಂಡಿಂದ ಹೊರಗೆ ಹೋಗಿದ್ದು ಹೇಗೆ? ದೊಡ್ಡ ಜಗಳ ಆಯ್ತು, ಕುತ್ತಿಗೆ ಹಿಡಿದು ದಬ್ಬಿದ್ರು ಅಂತೆಲ್ಲಾ ಓದಿದೀನಿ. ನಡೆದಿದ್ದು ಅದಕ್ಕಿಂತ ಸಣ್ಣದು, ನನಗಂತೂ ಅದಕ್ಕಿಂತ ನೋವಿಂದು. ಎಲ್‌ಎಸ್‌ಡಿ ಅನ್ನೋ ಮಾದಕ ವಸ್ತು ತಗೊಳೋದು ವಿಪರೀತ ಆಗಿತ್ತು, ಸ್ಟೇಜ್ ಮೇಲೆ ಒಂದೇ ಸ್ವರ ಹಿಡ್ಕೊಂಡು ನಿಂತುಬಿಡ್ತಿದ್ದ, ಅದಕ್ಕೇ ಗಿಲ್ಮೋರ್‌ನ ಐದನೇಯವನಾಗಿ ಸೇರಿಸ್ಕೊಂಡ್ರು, ಐದು ಜನ ಸೇರಿ ಕೆಲವು ಷೋ ಮಾಡಿದ್ರು. 1968ರ ಜನವರಿ ಕೊನೇಲಿ ಸೌತಾಂಪ್ಟನ್‌ಗೆ ಹೊರಟಿದ್ರು, ದಾರೀಲಿ ಸಿಡ್‌ನ ಹತ್ತಿಸ್ಕೊಳೋದಾ ಅಂತ ಗಾಡೀಲಿ ಒಬ್ರು ಕೇಳಿದ್ರು, ಬೇಡ ಬಿಡು ಅಂತ ಇನ್ನೊಬ್ರು ಅಂದ್ರು. ಗಾಡಿ ನೇರ ಹೋಯ್ತು. ಅಷ್ಟೇ. ಏಪ್ರಿಲ್‌ನಲ್ಲಿ ಹೊರಗೆ ತಿಳಿಸಿದ್ರು.

ಹಾಗಂತ ಪೂರ್ತಿ ಕೈಬಿಟ್ರು ಅಂತಲೂ ಇಲ್ಲ. 1970ರಲ್ಲಿ ಸಿಡ್‌ದು ಎರಡು ಸೋಲೋ ಆಲ್ಬಮ್ ಬಂತು, ಎರಡರಲ್ಲೂ ಪ್ರೊಡ್ಯೂಸರ್ ಆಗಿ ಗಿಲ್ಮೋರ್ ಇದಾರೆ, ಮೊದಲನೇದಕ್ಕೆ ವಾಟರ್ಸ್ ಜೊತೆ, ಎರಡನೇದಕ್ಕೆ ಬ್ಯಾಂಡಿನ ಕೀಬೋರ್ಡ್ ವಾದಕ ರಿಕ್ ರೈಟ್ ಜೊತೆ. ಅವನ ರಾಯಲ್ಟಿ ದುಡ್ಡು ಅವನಿಗೆ ಸರಿಯಾಗಿ ತಲುಪೋ ಹಾಗೂ ಗಿಲ್ಮೋರ್ ನೋಡ್ಕೊಂಡ್ರು.

ಇನ್ನು ತಲೆಗೆ ಬ್ರಿಲ್‌ಕ್ರೀಮ್ ಜೊತೆ ಮ್ಯಾಂಡ್ರಾಕ್ಸ್ ಅನ್ನೋ ನಿದ್ದೆ ಮಾತ್ರೆ ಪುಡಿ ಮಾಡಿ ಹಚ್ಕೊಂಡು ಬಂದ, ಲೈಟ್ ಬಿಸಿಗೆ ಅದು ಕರಗಿ ಮುಖದ ಮೇಲೆಲ್ಲಾ ಇಳೀತು ಅನ್ನೋ ಕಥೆ. ಇದನ್ನ ಎಷ್ಟು ಜನ ಎಷ್ಟು ಖುಷಿಯಾಗಿ ಹೇಳ್ತಾರೆ ಅಂದ್ರೆ! ಮಾತ್ರೆ ವಿಷಯಾನ ನಿಕ್ ಮೇಸನ್ ಒಪ್ಪಲ್ಲ. ಆದ್ರೂ ಸಿಡ್ ಅಂದ ತಕ್ಷಣ ಜನಕ್ಕೆ ಆ ಕರಗೋ ಮುಖಾನೇ ಬೇಕು.

[ಸ್ಕ್ರೀನ್ ಮೇಲೆ: ಕೇಂಬ್ರಿಡ್ಜ್, ಸೇಂಟ್ ಮಾರ್ಗರೆಟ್ಸ್ ಸ್ಕ್ವೇರ್]

ಹುಚ್ಚನಾಗಿ ಕತ್ತಲೆ ಕೋಣೆಲಿ ಕಳೆದುಹೋದ ಅನ್ನೋದು ಎಲ್ಲಕ್ಕಿಂತ ದೊಡ್ಡ ಸುಳ್ಳು. ಅವನು ವಾಪಸ್ ಹೋಗಿದ್ದು ತನ್ನೂರು ಕೇಂಬ್ರಿಡ್ಜಿಗೆ, ಅಮ್ಮನ ಮನೆಗೆ. ಸಿಡ್ ಅನ್ನೋ ಹೆಸರನ್ನೂ ಬಿಟ್ಟ, ಅಪ್ಪ ಅಮ್ಮ ಇಟ್ಟ ರೋಜರ್ ಅನ್ನೋ ಹೆಸರಲ್ಲೇ ಇದ್ದ. ಸೈಕಲ್ ತುಳ್ಕೊಂಡು ಅಂಗಡಿಗೆ ಹೋಗೋದು, ತೋಟ ಮಾಡೋದು, ಚಿತ್ರ ಬರೆಯೋದು. ಅಕ್ಕಪಕ್ಕದಲ್ಲಿದ್ದು ನೋಡ್ಕೊಂಡವ್ರು ತಂಗಿ ರೋಸ್‌ಮರಿ, ಅವ್ರು ಹೇಳೋ ಪ್ರಕಾರ ಆ ವರ್ಷಗಳಲ್ಲಿ ಅವನಿಗೆ ಮಾನಸಿಕ ಕಾಯಿಲೆ ಅಂತ ಯಾವ ಚಿಕಿತ್ಸೆನೂ ನಡೀತಿರ್ಲಿಲ್ಲ. ಒಂದು ಹೂವನ್ನ ಫೋಟೋ ತೆಗೀತಿದ್ದ, ಅದನ್ನ ನೋಡ್ಕೊಂಡು ಕ್ಯಾನ್ವಾಸ್ ಮೇಲೆ ಬರೀತಿದ್ದ, ಬರೆದಾದ್ಮೇಲೆ ಆ ಚಿತ್ರದ ಫೋಟೋ ತೆಗೆದಿಟ್ಕೊಂಡು ಕ್ಯಾನ್ವಾಸನ್ನ ಸುಟ್ಟುಬಿಡ್ತಿದ್ದ. ಇದನ್ನೂ ಹುಚ್ಚು ಅನ್ನೋರಿದಾರೆ. ನಮ್ಮನೇಲಿ ದಿನಾ ಬೆಳಿಗ್ಗೆ ಅಂಗಳದಲ್ಲಿ ರಂಗೋಲಿ ಹಾಕಿ ಮರುದಿನ ಗುಡಿಸಿ ಹೊಸದು ಹಾಕ್ತಾರೆ, ಅದನ್ನ ನೋಡ್ಕೊಂಡು ಬೆಳೆದ ನನಗೆ ಇದರಲ್ಲಿ ಹುಚ್ಚು ಕಾಣಲ್ಲ.

ಅವನು ಬೇಡ ಅಂದಿದ್ದು ಬಾಗಿಲು ತಟ್ಟೋ ಫ್ಯಾನುಗಳನ್ನ, ಬೀದೀಲಿ ಕ್ಯಾಮೆರಾ ಹಿಡ್ಕೊಂಡು ಕಾಯೋ ಪೇಪರಿನವ್ರನ್ನ. ಬಿಬಿಸಿ ಅವನ ಮೇಲೆ ಮಾಡಿದ ಡಾಕ್ಯುಮೆಂಟರಿನ ತಂಗಿ ಮನೇಲಿ ಕೂತು ನೋಡಿ, ಗಲಾಟೆ ಜಾಸ್ತಿ ಅಂದನಂತೆ.

2006ರ ಜುಲೈ 7ಕ್ಕೆ ಕ್ಯಾನ್ಸರಿಂದ ಹೋದ, ಅರವತ್ತು ವರ್ಷ. ಆ ನವೆಂಬರ್‌ನಲ್ಲಿ ಕೇಂಬ್ರಿಡ್ಜಲ್ಲೇ ಅವನ ಮನೆ ಸಾಮಾನು ಹರಾಜಿಗೆ ಬಂತು. ಸುಡದೇ ಉಳಿಸಿದ್ದ ಕೆಲವು ಚಿತ್ರ, ಸೈಕಲ್ಲು, ತಾನೇ ಕೈಯಾರೆ ಮರ ಕೊಯ್ದು ಮೊಳೆ ಹೊಡೆದು ಮಾಡ್ಕೊಂಡಿದ್ದ ಮನೆ ಸಾಮಾನು. ಒಂದು ಲಕ್ಷ ಪೌಂಡ್ ದಾಟಿತು, ಆ ದುಡ್ಡು ಕಲೆ ಓದೋ ಮಕ್ಕಳ ಸ್ಕಾಲರ್‌ಶಿಪ್‌ಗೆ ಹೋಯ್ತು.