ಹದಿಮೂರನೇ ನಂಬರಿನ ಜಗಳ

ಎಲ್ಲರಿಗೂ ನಮಸ್ಕಾರ.

ರಗ್ಬಿ ಬಗ್ಗೆ ಮಾತಾಡುತ್ತೇನೆ ಎಂದಾಗ ಆಯೋಜಕರ ಮುಖ ಸ್ವಲ್ಪ ಸಪ್ಪಗಾಯಿತು. ಆಟದ ಬಗ್ಗೆ ಅಲ್ಲ, ತಂಡಕ್ಕೆ ಯಾರನ್ನು ಹಾಕಬೇಕಿತ್ತು ಅಂತ ಅಭಿಮಾನಿಗಳು ಮಾಡುವ ಜಗಳದ ಬಗ್ಗೆ ಎಂದೆ. "ಓ, ಹಾಗಾದ್ರೆ ಸರಿ" ಅಂದರು. ಆ ಜಗಳ ನಮಗೇನೂ ಹೊಸದಲ್ಲ ಅಲ್ವಾ? 2016ರ ಡಿಸೆಂಬರಿನಲ್ಲಿ ಚೆನ್ನೈ ಟೆಸ್ಟಿನಲ್ಲಿ ಕರುಣ್ ನಾಯರ್ ಔಟಾಗದೆ 303 ಹೊಡೆದರು. ಮುಂದಿನ ಟೆಸ್ಟಿಗೆ ರಹಾನೆ ಗಾಯ ವಾಸಿಯಾಗಿ ಬಂದರು, ಕರುಣ್ ಹೊರಗೆ ಕೂತರು. ಈ ಮಾತು ತೆಗೆದರೆ ಇವತ್ತಿಗೂ ನಮ್ಮಲ್ಲಿ ಕಾಫಿ ಆರಿಹೋಗುತ್ತದೆ. ಇಂಥದ್ದೇ ಒಂದು ಜಗಳವನ್ನು ನಾನು ಬೇರೆ ಊರಿನಲ್ಲಿ, ಬೇರೆ ಆಟದಲ್ಲಿ ಹತ್ತಿರದಿಂದ ನೋಡಿದೆ.

ಬ್ರಿಟಿಷ್ ಆ್ಯಂಡ್ ಐರಿಷ್ ಲಯನ್ಸ್ ಅಂತ ಒಂದು ತಂಡವಿದೆ. ಇಂಗ್ಲೆಂಡ್, ಐರ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್ ಈ ನಾಲ್ಕೂ ಕಡೆಯ ಆಟಗಾರರನ್ನು ಕೂಡಿಸಿ ಕಟ್ಟುವ ತಂಡ. ಅದಕ್ಕೆ ತನ್ನದೇ ಅನ್ನುವ ಮೈದಾನವಿಲ್ಲ. ನಾಲ್ಕು ವರ್ಷಕ್ಕೊಮ್ಮೆ ಕೆಂಪು ಜರ್ಸಿ ಹಾಕಿಕೊಂಡು ಆಸ್ಟ್ರೇಲಿಯಾಕ್ಕೋ ನ್ಯೂಜಿಲೆಂಡಿಗೋ ದಕ್ಷಿಣ ಆಫ್ರಿಕಾಕ್ಕೋ ಹೋಗುತ್ತದೆ. ಒಂದೂವರೆ ತಿಂಗಳು ಆಡುತ್ತದೆ, ಆಮೇಲೆ ಚದುರಿ ಹೋಗುತ್ತದೆ. ನಮ್ಮ ದುಲೀಪ್ ಟ್ರೋಫಿಯ ದಕ್ಷಿಣ ವಲಯ ತಂಡ ನೆನಪಿಸಿಕೊಳ್ಳಿ. ಮೊನ್ನೆವರೆಗೆ ರಣಜಿಯಲ್ಲಿ ಎದುರುಬದುರು ನಿಂತ ಕರ್ನಾಟಕದವರೂ ತಮಿಳುನಾಡಿನವರೂ ಇವತ್ತು ಒಂದೇ ಡ್ರೆಸ್ಸಿಂಗ್ ರೂಮಿನಲ್ಲಿ. ಆದರೆ ದಕ್ಷಿಣ ವಲಯಕ್ಕೋಸ್ಕರ ಯಾರೂ ಮನೆ ಮೇಲೆ ಸಾಲ ಮಾಡಿ ವಿಮಾನ ಹತ್ತುವುದಿಲ್ಲ. ಲಯನ್ಸ್‌ಗೋಸ್ಕರ ಹತ್ತುತ್ತಾರೆ.

2013ರಲ್ಲಿ ನಾನು ಕೆಲಸದ ಮೇಲೆ ಕಾರ್ಡಿಫ್‌ನಲ್ಲಿದ್ದೆ. ವೇಲ್ಸಿನ ರಾಜಧಾನಿ. ಪಕ್ಕದ ಮೇಜಿನಲ್ಲಿ ಡಬ್ಲಿನ್ನಿನ ಒಬ್ಬ ಸಹೋದ್ಯೋಗಿ. ಸುತ್ತ ಇನ್ನೆಲ್ಲ ವೇಲ್ಸಿನವರು. ಆ ವರ್ಷ ಲಯನ್ಸ್ ಆಸ್ಟ್ರೇಲಿಯಾಕ್ಕೆ ಹೋಗಿತ್ತು. ಕೋಚ್ ವಾರೆನ್ ಗ್ಯಾಟ್ಲಂಡ್. ಊರು ನ್ಯೂಜಿಲೆಂಡ್, ಕೆಲಸ ವೇಲ್ಸ್ ತಂಡದ ಕೋಚ್. ಜಗಳಕ್ಕೆ ಬೀಜ ಇಲ್ಲೇ ಬಿದ್ದಿತ್ತು ಅನ್ನಿ.

ಮೂರು ಟೆಸ್ಟುಗಳ ಸರಣಿ. ರಗ್ಬಿಯಲ್ಲಿ ಟೆಸ್ಟ್ ಅಂದರೆ ಐದು ದಿನದ ಆಟವಲ್ಲ, ದೇಶದ ತಂಡದ ಎದುರು ಆಡುವ ಪಂದ್ಯ. ಬ್ರಿಸ್ಬೇನ್‌ನಲ್ಲಿ ಲಯನ್ಸ್ 23-21ರಿಂದ ಗೆದ್ದಿತು. ಕೊನೆ ಕ್ಷಣದಲ್ಲಿ ಆಸ್ಟ್ರೇಲಿಯಾದ ಕರ್ಟ್ಲಿ ಬೀಲ್ ಪೆನಾಲ್ಟಿ ಒದೆಯಲು ಬಂದು ಕಾಲು ಜಾರಿ ಬಿದ್ದರು. ಚೆಂಡು ಎತ್ತಲೋ ಹೋಯಿತು. ಮೆಲ್ಬರ್ನ್‌ನಲ್ಲಿ ಆಸ್ಟ್ರೇಲಿಯಾ 16-15. ಒಂದೇ ಒಂದು ಅಂಕ! ಈ ಸಲ ಕೊನೆಯ ಒದೆತ ಲಯನ್ಸ್‌ನ ಲೀ ಹಾಫ್‌ಪೆನಿಯದು. ಮೈದಾನದ ನಡುವಿನಿಂದ ಒದ್ದ ಚೆಂಡು ಗೋಲಿನವರೆಗೆ ತಲುಪಲೇ ಇಲ್ಲ. ಸರಣಿ 1-1. ನಾಯಕ ಸ್ಯಾಮ್ ವಾರ್ಬರ್ಟನ್ ತೊಡೆಯ ಸ್ನಾಯು ಹಿಡಿದು ಹೊರಗೆ. ಹಾಗಾದರೆ ಸಿಡ್ನಿಯ ಮೂರನೇ ಟೆಸ್ಟಿಗೆ ನಾಯಕ ಯಾರು?

ಐರ್ಲೆಂಡಿನವರಿಗೆ ಇದು ಪ್ರಶ್ನೆಯೇ ಆಗಿರಲಿಲ್ಲ. ಬ್ರಯಾನ್ ಓಡ್ರಿಸ್ಕಾಲ್ ಇದ್ದಾರಲ್ಲ! ಹದಿಮೂರನೇ ನಂಬರಿನ ಆಟಗಾರ (ರಗ್ಬಿಯಲ್ಲಿ ಜರ್ಸಿಯ ನಂಬರು ಅಂದರೆ ಮೈದಾನದಲ್ಲಿ ಆಡುವ ಜಾಗ), 34 ವರ್ಷ, ಲಯನ್ಸ್ ಜೊತೆ ನಾಲ್ಕನೇ ಪ್ರವಾಸ. 2005ರಲ್ಲಿ ನ್ಯೂಜಿಲೆಂಡಿಗೆ ನಾಯಕನಾಗಿ ಹೋಗಿದ್ದರು. ಮೊದಲ ಟೆಸ್ಟ್ ಶುರುವಾಗಿ ಇನ್ನೂ ಸರಿಯಾಗಿ ಬೆವರು ಬಂದಿರಲಿಲ್ಲ, ಎದುರಾಳಿಗಳಿಬ್ಬರು ಎತ್ತಿ ಕುಕ್ಕಿದರು. ಭುಜ ಕಳಚಿತು, ಪ್ರವಾಸ ಮುಗಿಯಿತು. ಅದಕ್ಕೂ ಮುಂಚೆ 2001ರಲ್ಲಿ ಸೋಲು, ಆಮೇಲೆ 2009ರಲ್ಲೂ ಸೋಲು. ಲಯನ್ಸ್ ಜೊತೆ ಒಂದೂ ಸರಣಿ ಗೆದ್ದಿಲ್ಲದ ಮನುಷ್ಯ. ಇದು ಕೊನೇ ಪಂದ್ಯ. ನಾಯಕತ್ವ ಕೊಟ್ಟು ಕಳಿಸಿಕೊಡಬಾರದೇ?

ಸೋಮವಾರ ನನ್ನ ಸಹೋದ್ಯೋಗಿ ಒಂದು ಕಾಗದದ ಮೇಲೆ ಒಂದರಿಂದ ಹದಿನೈದರವರೆಗೆ ನಂಬರು ಬರೆದು ತನ್ನ ತಂಡ ಕಟ್ಟಿದ. ಕೆಲವು ಹೆಸರು ಪೆನ್ಸಿಲ್ಲಿನಲ್ಲಿ. ಅಳಿಸಿ ಬರೆದು, ಮತ್ತೆ ಅಳಿಸಿ. ಹದಿಮೂರರ ಎದುರು ಮಾತ್ರ ಪೆನ್ನಿನಲ್ಲಿ ಬರೆದಿದ್ದ, ಅದರ ಮೇಲೇ ಎರಡು ಸಲ ತೀಡಿದ್ದ.

ಬುಧವಾರ ಬೆಳಗ್ಗೆ ಕಚೇರಿಗೆ ಹೋಗುವಷ್ಟರಲ್ಲಿ ತಂಡ ಪ್ರಕಟವಾಗಿತ್ತು. ಓಡ್ರಿಸ್ಕಾಲ್ ನಾಯಕ ಅಲ್ಲ. ಹದಿನೈದರಲ್ಲೂ ಇಲ್ಲ. ಬೆಂಚಿನಲ್ಲೂ ಇಲ್ಲ. ವೇಲ್ಸಿನ ಜೇಮಿ ರಾಬರ್ಟ್ಸ್ ಗಾಯ ವಾಸಿಯಾಗಿ ಬಂದಿದ್ದರು, ಅವರಿಗೆ ಹನ್ನೆರಡು. ಹನ್ನೆರಡರಲ್ಲಿ ಆಡುತ್ತಿದ್ದ ವೇಲ್ಸಿನ ಜೊನಾಥನ್ ಡೇವಿಸ್ ಹದಿಮೂರಕ್ಕೆ. ನಾಯಕ ವೇಲ್ಸಿನ ಆಲನ್ ವಿನ್ ಜೋನ್ಸ್. ಶುರುವಿನ ಹದಿನೈದರಲ್ಲಿ 10 ಜನ ವೇಲ್ಸಿನವರು, 3 ಐರ್ಲೆಂಡ್, 2 ಇಂಗ್ಲೆಂಡ್. ಸ್ಕಾಟ್ಲೆಂಡಿನವರು ಒಬ್ಬರೂ ಇಲ್ಲ, ಬೆಂಚಿನಲ್ಲಿ ಒಬ್ಬರು ರಿಚಿ ಗ್ರೇ.

ಐರ್ಲೆಂಡಿಗೆ ಐರ್ಲೆಂಡೇ ಸಿಟ್ಟಾಯಿತು. ಆಟದ ಗಂಧ ಗೊತ್ತಿಲ್ಲದವರೂ ಗ್ಯಾಟ್ಲಂಡ್‌ಗೆ ಬೈದರು. ಬರೀ ಬೈಗುಳ ಆಗಿದ್ದರೆ ನಾನು ಇವತ್ತು ಇಲ್ಲಿ ನಿಂತು ಮಾತಾಡುತ್ತಿರಲಿಲ್ಲ. ಎರಡೂ ಕಡೆ ಒಳ್ಳೆಯ ವಾದವಿತ್ತು. ಅದನ್ನು ಕೇಳಿಸಿಕೊಳ್ಳಬೇಕು.

ರಗ್ಬಿಯಲ್ಲಿ ಹನ್ನೆರಡು, ಹದಿಮೂರು ಅಂದರೆ ಜೋಡೆತ್ತು. ಹನ್ನೆರಡು ಸಾಮಾನ್ಯವಾಗಿ ಎದುರಾಳಿಯ ಸಾಲಿಗೆ ನುಗ್ಗಿ ದಾರಿ ಮಾಡುವವನು. ಹದಿಮೂರು ಹೊರಗಿನ ಜಾಗ ನೋಡಿಕೊಳ್ಳುವವನು. ರಕ್ಷಣೆಯಲ್ಲಿ ಅವನ ಕೆಲಸ ಜಾಸ್ತಿ ಕಷ್ಟ. ಮುಂದೆ ನುಗ್ಗಬೇಕೋ ಹಿಂದೆ ಸರಿಯಬೇಕೋ ಅಂತ ಅರೆಕ್ಷಣದಲ್ಲಿ ತೀರ್ಮಾನಿಸಬೇಕು, ತಪ್ಪಿದರೆ ಬಾಗಿಲು ಪೂರ್ತಿ ತೆರೆದ ಹಾಗೆ. ಪಕ್ಕದವನ ಹೆಜ್ಜೆ ಗೊತ್ತಿದ್ದರೆ ಈ ಕೆಲಸ ಸಲೀಸು. ರಾಬರ್ಟ್ಸ್, ಡೇವಿಸ್ ಇಬ್ಬರೂ ವೇಲ್ಸಿಗೆ ಒಟ್ಟಿಗೆ ಆಡಿದವರು. ಇರುವುದು ಒಂದೇ ಪಂದ್ಯ, ಹೊಂದಿಕೊಳ್ಳಲು ಸಮಯವಿಲ್ಲ, ಪಳಗಿದ ಜೋಡಿ ಹೂಡುತ್ತೇನೆ. ಗ್ಯಾಟ್ಲಂಡ್ ಪರವಾಗಿ ಈ ವಾದ.

ನನ್ನ ಸಹೋದ್ಯೋಗಿ ಇದಕ್ಕೆ ಕೊಟ್ಟ ಉತ್ತರ ನನಗೆ ಈಗಲೂ ಇಷ್ಟ. ಪಳಗಿದ ಜೋಡಿ ಬೇಕೇನು? 2009ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಲಯನ್ಸ್‌ನ ಹನ್ನೆರಡು ಯಾರು, ಹದಿಮೂರು ಯಾರು? ರಾಬರ್ಟ್ಸ್ ಮತ್ತು ಓಡ್ರಿಸ್ಕಾಲ್! ಕೆಂಪು ಜರ್ಸಿಯಲ್ಲೇ ಪಳಗಿದ ಜೋಡಿ ಕಣ್ಣೆದುರಿಗಿತ್ತು. ಅಂದ ಮೇಲೆ ಇದು ಜೋಡಿಯ ಲೆಕ್ಕವೋ, ಊರಿನ ಲೆಕ್ಕವೋ?

ವೇಲ್ಸಿನವರು ಇದಕ್ಕೆ ಸುಮ್ನೆ ನಕ್ಕರು. ಅದು ನಾಲ್ಕು ವರ್ಷ ಹಿಂದಿನ ಓಡ್ರಿಸ್ಕಾಲ್ ಕಣಪ್ಪಾ ಅಂದರು. ಇನ್ನೊಂದು ವಿಷಯ ಹೇಳಬೇಕು. 1999ರಲ್ಲಿ ಓಡ್ರಿಸ್ಕಾಲ್ ಐರ್ಲೆಂಡಿಗೆ ಮೊದಲ ಟೆಸ್ಟ್ ಆಡಿದ್ದು ಬ್ರಿಸ್ಬೇನ್‌ನಲ್ಲಿ, ಇದೇ ಆಸ್ಟ್ರೇಲಿಯಾ ಎದುರು. ಆಗ ಐರ್ಲೆಂಡಿನ ಕೋಚ್ ಯಾರು ಗೊತ್ತಾ? ಇದೇ ಗ್ಯಾಟ್ಲಂಡ್. ಬಾಗಿಲು ತೆರೆದ ಕೈಯೇ ಬಾಗಿಲು ಹಾಕಿತು. ದ್ವೇಷ ಅನ್ನಲು ಈ ಕಥೆ ಬಿಡುವುದಿಲ್ಲ.

ಸಿಡ್ನಿಯ ಪಂದ್ಯ ನಮಗೆ ಶನಿವಾರ ಬೆಳಗ್ಗೆ ಹನ್ನೊಂದಕ್ಕೆ. ಕಾರ್ಡಿಫ್‌ನ ಪಬ್ಬಿನಲ್ಲಿ ಆ ಹೊತ್ತಿಗೇ ಕಾಲಿಡಲು ಜಾಗವಿಲ್ಲ. ಲಯನ್ಸ್ 41-16ರಿಂದ ಗೆದ್ದಿತು. 16 ವರ್ಷಗಳ ಮೇಲೆ ಸಿಕ್ಕ ಸರಣಿ. ರಾಬರ್ಟ್ಸ್ ಒಂದು ಟ್ರೈ ಹೊಡೆದರು, ಅಂದರೆ ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಊರಿ ಅಂಕ ಗಳಿಸಿದರು. ವೇಲ್ಸಿನವರ ಪಾಲಿಗೆ ವಾದ ಅಲ್ಲಿಗೆ ಮುಗಿಯಿತು.

ಮುಗಿಯಿತಾ? ಸೋಮವಾರ ನನ್ನ ಸಹೋದ್ಯೋಗಿ ಬಂದು ಕೂತ, ಕಂಪ್ಯೂಟರ್ ಆನ್ ಮಾಡಿದ, ನನ್ನ ಕಡೆ ತಿರುಗದೆಯೇ ಹೇಳಿದ: "ಅವನಿದ್ದಿದ್ದರೆ ಐವತ್ತು." ಇದಕ್ಕೆ ಏನು ಉತ್ತರ ಕೊಡುತ್ತೀರಿ? ಆಡದ ಪಂದ್ಯದಲ್ಲಿ ಯಾರೂ ಸೋಲುವುದಿಲ್ಲ. ನನಗನ್ನಿಸುವುದು, ಗ್ಯಾಟ್ಲಂಡ್ ನಿರ್ಧಾರ ಸರಿ ಇತ್ತು, ಬೆಂಚಿನಲ್ಲೂ ಜಾಗ ಕೊಡದಿದ್ದದ್ದು ಮಾತ್ರ ಅತಿಯಾಯಿತು. ಇದನ್ನು ಡಬ್ಲಿನ್ನಿನಲ್ಲಿ ಹೇಳುವ ಧೈರ್ಯ ನನಗಿಲ್ಲ.

ಗ್ಯಾಟ್ಲಂಡ್ 2017ರಲ್ಲಿ ಮತ್ತೆ ಕೋಚ್. ಈ ಸಲ ನ್ಯೂಜಿಲೆಂಡ್. ನಡುವೆ ಟೆಸ್ಟ್ ಆಟಗಾರರಿಗೆ ವಿಶ್ರಾಂತಿ ಬೇಕು ಅಂತ ಆರು ಜನರನ್ನು ಕರೆಸಿದರು. ನಾಲ್ವರು ವೇಲ್ಸ್, ಇಬ್ಬರು ಸ್ಕಾಟ್ಲೆಂಡ್. ಯಾಕೆ ಇವರೇ? ಆ ಎರಡು ತಂಡಗಳು ಆಗ ಅಲ್ಲೇ ಅಕ್ಕಪಕ್ಕದ ದೇಶಗಳಲ್ಲಿ ಆಡುತ್ತಿದ್ದವು, ಕರೆದರೆ ಬೇಗ ಬರಬಹುದಿತ್ತು. ಇವರಿಗಿಂತ ಚೆನ್ನಾಗಿ ಆಡುವವರು ಅರ್ಜೆಂಟೀನಾದಲ್ಲೋ ಜಪಾನಿನಲ್ಲೋ ಇದ್ದರು. ಅಭಿಮಾನಿಗಳು ಇವರಿಗೆ 'ಭೂಗೋಳದ ಆರು ಮಂದಿ' ಅಂತ ಹೆಸರಿಟ್ಟರು. ಆರರಲ್ಲಿ ನಾಲ್ವರು ಒಂದು ನಿಮಿಷವೂ ಆಡಲಿಲ್ಲ. ಪಾಪ, ಆ ಹುಡುಗರದೇನು ತಪ್ಪು? ಜರ್ಸಿ ಕೊಡುತ್ತೇವೆ ಬಾ ಅಂದರೆ ಯಾರು ತಾನೇ ಬರಲ್ಲ ಅಂತಾರೆ?

2025ಕ್ಕೆ ಬರೋಣ. ಮತ್ತೆ ಆಸ್ಟ್ರೇಲಿಯಾ. ಕೋಚ್ ಆ್ಯಂಡಿ ಫ್ಯಾರೆಲ್, ಐರ್ಲೆಂಡಿನ ಕೋಚ್. ಈಗ ಲೆಕ್ಕ ತಿರುಗಿತ್ತು. ಮೊದಲು ಪ್ರಕಟವಾದ 38 ಜನರಲ್ಲಿ 15 ಐರ್ಲೆಂಡಿನವರು, ವೇಲ್ಸಿನವರು ಬರೀ ಇಬ್ಬರು. ಅವರಲ್ಲಿ ಒಬ್ಬರು, ಟೋಮಸ್ ವಿಲಿಯಮ್ಸ್, ಆಸ್ಟ್ರೇಲಿಯಾದಲ್ಲಿ ಆಡಿದ ಮೊದಲ ಪಂದ್ಯದಲ್ಲೇ ಗಾಯಗೊಂಡು ವಾಪಸ್. ಉಳಿದದ್ದು ಜ್ಯಾಕ್ ಮಾರ್ಗನ್ ಒಬ್ಬರೇ. ಅವರಿಗೂ ಮೊದಲ ಟೆಸ್ಟಿನ 23ರಲ್ಲಿ, ಅಂದರೆ ಬೆಂಚೂ ಸೇರಿದ ಪಟ್ಟಿಯಲ್ಲಿ, ಜಾಗ ಸಿಗಲಿಲ್ಲ. ವೇಲ್ಸಿನವರಿಲ್ಲದ ಲಯನ್ಸ್ ಟೆಸ್ಟ್ ತಂಡ 1896ರ ನಂತರ ಅದೇ ಮೊದಲು. 2013ರಲ್ಲಿ "ಯೋಗ್ಯತೆ ನೋಡಬೇಕು, ಊರು ನೋಡಬಾರದು" ಅಂದಿದ್ದ ಕಾರ್ಡಿಫ್‌ನ ಗೆಳೆಯರೇ ಈಗ "ನಾಲ್ಕು ದೇಶದ ತಂಡ ಅಲ್ವಾ ಇದು?" ಅಂತ ಕೇಳಿದರು. ಡಬ್ಲಿನ್ನಿನವರು ಯೋಗ್ಯತೆಯ ಪಕ್ಷ ಸೇರಿದರು. ಆ 38 ಜನರ ತಂಡ ಪ್ರಕಟವಾದಾಗ ವೇಲ್ಸ್ ಸತತ 17 ಟೆಸ್ಟ್ ಸೋತಿತ್ತು ಅನ್ನುವುದೂ ನಿಜವೇ.

ಇನ್ನೊಂದು ತಕರಾರು ನಮಗೆ ತಟ್ಟನೆ ಅರ್ಥವಾಗುವಂಥದ್ದು. ಪ್ರವಾಸದ ನಡುವೆ ಎಲಿಯಟ್ ಡೇಲಿ ಕೈಮುರಿದುಕೊಂಡರು. ಬದಲಿಗೆ ಬಂದವರು ಓವನ್ ಫ್ಯಾರೆಲ್. ಯಾರು? ಕೋಚ್ ಮಗ. ಇಂಗ್ಲೆಂಡ್ ತಂಡದಿಂದ 2023ರಲ್ಲೇ ದೂರ ಸರಿದಿದ್ದವರು. ಜನ ಬಿಡುತ್ತಾರೆಯೇ? ಆದರೆ ಮಗನಿಗೆ ಅದು ನಾಲ್ಕನೇ ಲಯನ್ಸ್ ಪ್ರವಾಸ, ಹಿಂದಿನ ಮೂರಕ್ಕೆ ಮುಖ್ಯ ಕೋಚ್ ಅಪ್ಪನಲ್ಲ, ಗ್ಯಾಟ್ಲಂಡ್.

ಎರಡನೇ ಟೆಸ್ಟ್ ಮೆಲ್ಬರ್ನ್‌ನಲ್ಲಿ, 90 ಸಾವಿರಕ್ಕೂ ಹೆಚ್ಚು ಜನರ ಮುಂದೆ. ನಾನು ಬೆಂಗಳೂರಿನಲ್ಲಿ ಮಧ್ಯಾಹ್ನ ಮೂರೂವರೆಗೆ ಟೀ ಹಿಡಿದು ಕೂತಿದ್ದೆ. ಲಯನ್ಸ್ ಒಂದು ಹಂತದಲ್ಲಿ 5-23 ಹಿಂದೆ. ಕೊನೆಯ ನಿಮಿಷದಲ್ಲಿ ಐರ್ಲೆಂಡಿನ ಹ್ಯೂಗೊ ಕೀನನ್ ಮೂಲೆಯಲ್ಲಿ ಟ್ರೈ ಹೊಡೆದು 29-26. ಆ ಟ್ರೈಗೆ ಮುಂಚೆ ಚೆಂಡಿನ ಮೇಲೆ ಬಗ್ಗಿದ್ದ ಆಸ್ಟ್ರೇಲಿಯಾದ ಆಟಗಾರನನ್ನು ನುಗ್ಗಿ ಸರಿಸಿದ್ದು ಯಾರು? ಬೆಂಚಿನಿಂದ ಬಂದ ಜ್ಯಾಕ್ ಮಾರ್ಗನ್. ಅದು ಫೌಲ್ ಅಂತ ಆಸ್ಟ್ರೇಲಿಯಾ ಕೂಗಿತು, ರೆಫರಿ ಒಪ್ಪಲಿಲ್ಲ. ಕಾರ್ಡಿಫ್‌ನಿಂದ ನನಗೆ ಮೆಸೇಜ್ ಬಂತು: ಗೆಲ್ಲಿಸಿದ್ದು ನಮ್ಮವನು.

ಆಮೇಲೆ ಡಬ್ಲಿನ್ನಿಗೆ ಫೋನ್ ಮಾಡಿದೆ. ನನ್ನ ಹಳೆಯ ಸಹೋದ್ಯೋಗಿ ಈಗ ಅಲ್ಲೇ ಇದ್ದಾನೆ. ಸರಣಿ ಗೆದ್ದ ಖುಷಿಯನ್ನು ಎರಡು ಮಾತಿನಲ್ಲಿ ಮುಗಿಸಿದ. ಸಿಡ್ನಿಯ ಮೂರನೇ ಟೆಸ್ಟಿಗೆ ಯಾರು ಬೇಕು ಅಂತ ಶುರು ಮಾಡಿದ. ಒಂದು, ಎರಡು, ಮೂರು ಅಂತ ಹೆಸರು ಹೇಳುತ್ತಾ ಹೋದ. ಹದಿಮೂರಕ್ಕೆ ಬಂದಾಗ ಸ್ವಲ್ಪ ಹೊತ್ತು ಮಾತಿಲ್ಲ. ಲೈನ್ ಕಟ್ಟಾಯಿತೇನೋ ಅಂದುಕೊಂಡೆ. ಆಮೇಲೆ ಹದಿನಾಲ್ಕಕ್ಕೆ ಹೋದ.