ತೆರೆಯ ಮೇಲಿನ ಹೆಸರು ಯಾರದು? ‘ದಿ ಅನ್‌ಟಚಬಲ್ಸ್’ ಮತ್ತು ಅದರ ನೋಡುಗರು

ಕೇಳುಗರೆಲ್ಲರಿಗೂ ನಮಸ್ಕಾರ.

ಅಮೆರಿಕದ ಪಾನನಿಷೇಧದ ಕಾಲವನ್ನು ಕಿರುತೆರೆಗೆ ತಂದ ಅಪರಾಧ ಧಾರಾವಾಹಿಗಳಲ್ಲಿ ಬಹಳ ಹೆಸರು ಮಾಡಿದ್ದೂ ಬಹಳ ಬೈಸಿಕೊಂಡದ್ದೂ ‘ದಿ ಅನ್‌ಟಚಬಲ್ಸ್’. 1959ರ ಅಕ್ಟೋಬರ್‌ನಿಂದ 1963ರ ಮೇ ತಿಂಗಳವರೆಗೆ ಎಬಿಸಿ ವಾಹಿನಿಯಲ್ಲಿ ಬಂದ ಈ ಕಪ್ಪು-ಬಿಳುಪು ಧಾರಾವಾಹಿಯ ಬಗ್ಗೆ ಅಂದಿನ ನೋಡುಗರು ಏನೆಂದರು ಎಂಬುದನ್ನು ತಿಳಿಸಬೇಕೆಂದು ನಿಲಯದವರು ಕೇಳಿದ್ದಾರೆ. ಇಂಥ ವಿಷಯ ಬಂದಾಗಲೆಲ್ಲ ಎಷ್ಟು ಮಂದಿ ಮೆಚ್ಚಿದರು, ಎಷ್ಟು ಮಂದಿ ಮೆಚ್ಚಲಿಲ್ಲ ಎಂಬ ಲೆಕ್ಕವನ್ನೇ ಜನ ನಿರೀಕ್ಷಿಸುತ್ತಾರೆ. ಆ ಲೆಕ್ಕದಿಂದ ನಮಗೆ ತಿಳಿಯುವುದು ಬಹಳ ಕಡಿಮೆ. ಅಪರಾಧದ ಕಥೆಯೊಂದನ್ನು ಕುರಿತು ನೋಡುಗನೊಬ್ಬ ಆಡುವ ಮಾತು ಅರ್ಥವಾಗಬೇಕಾದರೆ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ತೆರೆಯ ಮೇಲೆ ಬಂದ ಹೆಸರು ಯಾರದು, ಆ ಹೆಸರಿಗೂ ಈ ನೋಡುಗನಿಗೂ ಏನು ಸಂಬಂಧ? ಈ ಹತ್ತು ನಿಮಿಷಗಳಲ್ಲಿ ಇದನ್ನು ಮತ್ತೆ ಮತ್ತೆ ಹೇಳುತ್ತೇನೆ, ದಯವಿಟ್ಟು ಬೇಸರಿಸಬೇಡಿ.

ಮೊದಲು ಹಿನ್ನೆಲೆ. 1920ರ ಜನವರಿ 17ರಿಂದ 1933ರ ಡಿಸೆಂಬರ್ 5ರವರೆಗೆ ಅಮೆರಿಕದಲ್ಲಿ ಮದ್ಯದ ತಯಾರಿಕೆ ಮತ್ತು ಮಾರಾಟ ಸಂವಿಧಾನದ ತಿದ್ದುಪಡಿಯಿಂದಲೇ ನಿಷಿದ್ಧವಾಗಿತ್ತು. ಕುಡಿಯುವವರು ಕುಡಿಯುತ್ತಲೇ ಇದ್ದರು, ವ್ಯಾಪಾರ ಮಾತ್ರ ಪಾತಕಿಗಳ ಕೈ ಸೇರಿತು. ಚಿಕಾಗೋ ನಗರದಲ್ಲಿ ಆ ವ್ಯಾಪಾರದ ದೊರೆಯಾಗಿದ್ದವನು ಅಲ್ ಕಪೋನ್. ಅವನ ಬಿಯರ್ ತಯಾರಿಕಾ ಕೇಂದ್ರಗಳ ಮೇಲೆ ದಾಳಿ ನಡೆಸಿದ ಸಣ್ಣ ತಂಡದ ನಾಯಕ ಎಲಿಯಟ್ ನೆಸ್, ಇನ್ನೂ ಮೂವತ್ತು ತುಂಬದ ಸರ್ಕಾರಿ ಅಧಿಕಾರಿ. ಲಂಚ ಇವರ ಹತ್ತಿರ ಸುಳಿಯದು ಎಂಬ ಅರ್ಥದಲ್ಲಿ ಪತ್ರಿಕೆಗಳು ಆ ತಂಡಕ್ಕೆ ಇಟ್ಟ ಹೆಸರೇ ಧಾರಾವಾಹಿಯ ಶೀರ್ಷಿಕೆಯಾಯಿತು. ನೆಸ್ ತಮ್ಮ ಕೊನೆಯ ದಿನಗಳಲ್ಲಿ ಪತ್ರಕರ್ತ ಆಸ್ಕರ್ ಫ್ರೇಲಿಯವರೊಡನೆ ತಮ್ಮ ಅನುಭವಗಳನ್ನು ಪುಸ್ತಕವಾಗಿಸಿದರು. ಅದು ಹೊರಬರುವ ಮೊದಲೇ, 1957ರ ಮೇ ತಿಂಗಳಲ್ಲಿ, 54ನೆಯ ವಯಸ್ಸಿನಲ್ಲಿ ತೀರಿಕೊಂಡರು. ಮುಂದೆ ಕೋಟ್ಯಂತರ ಮನೆಗಳಿಗೆ ಪರಿಚಿತವಾದ ತಮ್ಮ ಹೆಸರಿನ ಭಾಗ್ಯವನ್ನು ಅವರು ಕಾಣಲೇ ಇಲ್ಲ.

ಕಪೋನ್ ಜೈಲಿಗೆ ಹೋದದ್ದು ಮದ್ಯದ ಮೊಕದ್ದಮೆಯಲ್ಲಿ ಅಲ್ಲ, ಆದಾಯ ತೆರಿಗೆ ವಂಚನೆಯ ಮೊಕದ್ದಮೆಯಲ್ಲಿ. 1931ರ ಅಕ್ಟೋಬರ್‌ನಲ್ಲಿ ಅವನಿಗೆ 11 ವರ್ಷಗಳ ಶಿಕ್ಷೆಯಾಯಿತು. ಅದಕ್ಕೆ ಬೇಕಾದ ಸಾಕ್ಷ್ಯವನ್ನು ಲೆಕ್ಕಪತ್ರಗಳೊಳಗಿಂದ ಹೆಕ್ಕಿ ತೆಗೆದವರು ಫ್ರಾಂಕ್ ವಿಲ್ಸನ್ ಮತ್ತು ಖಜಾನೆ ಇಲಾಖೆಯ ಇತರ ತನಿಖಾಧಿಕಾರಿಗಳು. ನೆಸ್ ತಂಡ ಕಲೆಹಾಕಿದ ಮದ್ಯದ ಆರೋಪಗಳು ವಿಚಾರಣೆಗೆ ಬರಲೇ ಇಲ್ಲ. ಧಾರಾವಾಹಿಯಲ್ಲಾದರೋ ಕೀರ್ತಿಯೆಲ್ಲ ಒಬ್ಬರಿಗೇ ಸಂದಿತು.

ಮೆಚ್ಚಿದ ನೋಡುಗರು ಏಕೆ ಮೆಚ್ಚಿದರು ಎಂದು ಕೇಳಿದರೆ ಮೂರು ಕಾರಣಗಳು ಸಿಗುತ್ತವೆ. ಒಂದು, ನೆಸ್ ಪಾತ್ರದ ರಾಬರ್ಟ್ ಸ್ಟ್ಯಾಕ್. ಹುಬ್ಬು ಕೂಡ ಅಲುಗಿಸದ, ಮಾತು ಕಡಿಮೆಯಾದ ಅವರ ಅಭಿನಯವನ್ನು ಮರದ ಬೊಂಬೆಯಂತಿದೆ ಎಂದು ಜರೆದವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ, ಆ ಬಿಗುವಿಲ್ಲದಿದ್ದರೆ ಲಂಚಕ್ಕೆ ಬಗ್ಗದ ಮನುಷ್ಯನನ್ನು ನಾವು ನಂಬುತ್ತಿರಲಿಲ್ಲ. 1960ರಲ್ಲಿ ಅವರಿಗೆ ಕಿರುತೆರೆಯ ದೊಡ್ಡ ಪ್ರಶಸ್ತಿಯಾದ ಎಮ್ಮಿಯೂ ಬಂದಿತು. ಇನ್ನೊಂದು ಕಾರಣ ನೆಲ್ಸನ್ ರಿಡ್ಲ್ ಅವರ ಸಂಗೀತ. ಎಲ್ಲಕ್ಕಿಂತ ಮುಖ್ಯವಾದದ್ದು ವಾಲ್ಟರ್ ವಿಂಚೆಲ್ ಅವರ ನಿರೂಪಣೆ. ವಿಂಚೆಲ್ ಹೆಸರಾಂತ ಅಂಕಣಕಾರರು, ದಶಕಗಳ ಕಾಲ ರೇಡಿಯೋದಲ್ಲಿ ಸುದ್ದಿ ಹೇಳಿದವರು. ಅದೇ ವೇಗದ, ಉಸಿರು ಬಿಡದ ದನಿಯಲ್ಲಿ ದಿನಾಂಕ, ಗಂಟೆ, ಬೀದಿಯ ಹೆಸರುಗಳನ್ನು ಅವರು ಓದುತ್ತಿದ್ದರೆ ಕೇಳುವವರಿಗೆ ಇದು ನಡೆದದ್ದೇ ಎನಿಸುತ್ತಿತ್ತು. ಎರಡನೆಯ ವರ್ಷ ಈ ಧಾರಾವಾಹಿ ದೇಶದ ಮೊದಲ ಹತ್ತರೊಳಗೆ ಬಂದಿತು. ಕಟ್ಟುಕಥೆಗೆ ಸುದ್ದಿಯ ದನಿ ಕೊಟ್ಟರೆ ಅದರೊಳಗಿನ ಹೆಸರುಗಳು ಕಥೆಯ ಹೆಸರುಗಳಾಗಿ ಉಳಿಯುವುದಿಲ್ಲ. ಹೆಸರು ಯಾರದು ಎಂಬ ಪ್ರಶ್ನೆ ಇಲ್ಲಿಂದಲೇ ಹುಟ್ಟುತ್ತದೆ.

ಇಲ್ಲಿ ನಾನು ಬಹಳ ಮುಖ್ಯವೆಂದು ನಂಬಿರುವ ಒಂದು ಪ್ರಸಂಗವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಈ ಧಾರಾವಾಹಿಯನ್ನು ನಿರ್ಮಿಸಿದ್ದು ಡೆಸಿಲು ಸಂಸ್ಥೆ, ಅಂದರೆ ಹಾಸ್ಯ ಧಾರಾವಾಹಿಯಿಂದ ಮನೆಮಾತಾಗಿದ್ದ ಡೆಸಿ ಆರ್ನಾಝ್ ಮತ್ತು ಲೂಸಿಲ್ ಬಾಲ್ ದಂಪತಿಯ ಸಂಸ್ಥೆ. ಆರ್ನಾಝ್ ಕ್ಯೂಬಾದವರು. ಅವರ ತಂದೆ ಸ್ಯಾಂಟಿಯಾಗೋ ನಗರದ ಮೇಯರ್ ಆಗಿದ್ದರು. 1933ರ ಕ್ರಾಂತಿಯಲ್ಲಿ ಆಸ್ತಿಯೆಲ್ಲ ಕಳೆದುಕೊಂಡ ಕುಟುಂಬ ಫ್ಲಾರಿಡಾದ ಮಯಾಮಿಗೆ ಬಂದು ನೆಲೆಸಿತು. ಶ್ರೀಮಂತರ ಮನೆಯ ಹುಡುಗ ಅಲ್ಲಿ ಹೊಟ್ಟೆಪಾಡಿಗಾಗಿ ಕ್ಯಾನರಿ ಹಕ್ಕಿಗಳ ಪಂಜರ ತೊಳೆದ. ಮಯಾಮಿ ಬೀಚ್‌ನ ಸೇಂಟ್ ಪ್ಯಾಟ್ರಿಕ್ ಶಾಲೆಗೆ ಸೇರಿದಾಗ ಭಾಷೆ ಇನ್ನೂ ಸರಿಯಾಗಿ ಬಾರದ ಆ ಹುಡುಗನಿಗೆ ಆಪ್ತನಾಗಿ ಸಿಕ್ಕವನು ಸನ್ನಿ ಎಂಬ ಸಹಪಾಠಿ. ಸನ್ನಿಯ ಪೂರ್ಣ ಹೆಸರು ಆಲ್ಬರ್ಟ್ ಫ್ರಾನ್ಸಿಸ್ ಕಪೋನ್, ಅಲ್ ಕಪೋನನ ಒಬ್ಬನೇ ಮಗ. ತಂದೆ ಆಗ ಅಲ್ಕಟ್ರಾಝ್ ಸೆರೆಮನೆಯಲ್ಲಿದ್ದ. ಊರು ಬಿಟ್ಟು ಬಂದವನೊಬ್ಬ, ತಂದೆಯ ಹೆಸರಿನಿಂದ ಎಲ್ಲರೂ ಗುರುತಿಸುತ್ತಿದ್ದವನೊಬ್ಬ, ಇವರಿಬ್ಬರೂ ಒಬ್ಬರಿಗೊಬ್ಬರು ಏಕೆ ಹತ್ತಿರವಾದರೆಂದು ವಿವರಿಸಬೇಕಾಗಿಲ್ಲ.

ಇಪ್ಪತ್ತಕ್ಕೂ ಹೆಚ್ಚು ವರ್ಷ ಕಳೆಯಿತು. ನೆಸ್ ಅವರ ಪುಸ್ತಕದ ಹಕ್ಕು ಕೊಂಡ ಆರ್ನಾಝ್ ಅದನ್ನು ಮೊದಲು ಎರಡು ಭಾಗಗಳ ನಾಟಕವಾಗಿ 1959ರ ಏಪ್ರಿಲ್‌ನಲ್ಲಿ ಸಿಬಿಎಸ್ ವಾಹಿನಿಗೆ ಸಿದ್ಧಪಡಿಸಲು ಹೊರಟರು. ಆಗ ಸನ್ನಿಯಿಂದ ಫೋನ್ ಬಂದಿತೆಂದು ಆರ್ನಾಝ್ ಆತ್ಮಕಥೆಯಲ್ಲಿ ಬರೆದಿದ್ದಾರೆ. ಎಷ್ಟೋ ಜನರಿರುವಾಗ ಇದನ್ನು ನೀನೇ ಏಕೆ ಮಾಡಬೇಕು ಎಂದು ಸನ್ನಿ ಕೇಳಿದರಂತೆ. ನಾನು ಮಾಡದಿದ್ದರೆ ಬೇರೆ ಯಾರಾದರೂ ಮಾಡಿಯೇ ಮಾಡುತ್ತಾರೆ, ಅದಕ್ಕಿಂತ ನಾನು ಮಾಡುವುದೇ ವಾಸಿ ಎಂದು ಆರ್ನಾಝ್ ಉತ್ತರಿಸಿದರಂತೆ. ನಾಟಕ ಪ್ರಸಾರವಾಯಿತು, ಜನ ಮೆಚ್ಚಿದರು, ಅದರಿಂದಲೇ ಧಾರಾವಾಹಿ ಹುಟ್ಟಿತು. ಕಪೋನ್‌ನ ವಿಧವೆ ಮೇ, ಮಗ ಸನ್ನಿ ಮತ್ತು ಸಹೋದರಿ ಮಫಾಲ್ಡಾ ದೊಡ್ಡ ಮೊತ್ತದ ಪರಿಹಾರ ಕೇಳಿ ದಾವೆ ಹೂಡಿದರು. ಸತ್ತವನ ಹೆಸರು, ರೂಪ, ಬದುಕನ್ನು ಹಣಕ್ಕಾಗಿ ಬಳಸಿಕೊಳ್ಳಲಾಗಿದೆ, ಬದುಕಿರುವ ನಾವು ಅದರ ಅವಮಾನ ಉಣ್ಣುತ್ತಿದ್ದೇವೆ ಎಂಬುದು ಅವರ ವಾದ. ಚಿಕಾಗೋದ ಮೇಲ್ಮನವಿ ನ್ಯಾಯಾಲಯ 1965ರಲ್ಲಿ ಅವರ ವಿರುದ್ಧ ತೀರ್ಪು ಕೊಟ್ಟಿತು. ಖಾಸಗಿತನದ ಹಕ್ಕು ಆಯಾ ವ್ಯಕ್ತಿಯದು, ಅದು ಅವನೊಡನೆಯೇ ಮುಗಿಯುತ್ತದೆ ಎಂಬುದು ನ್ಯಾಯಾಲಯದ ನಿಲುವು. ಮರುವರ್ಷ, 1966ರಲ್ಲಿ, ಸನ್ನಿ ಕಾನೂನುಬದ್ಧವಾಗಿ ಕಪೋನ್ ಎಂಬ ಹೆಸರನ್ನೇ ಬಿಟ್ಟು ಬ್ರೌನ್ ಎಂಬ ಹೆಸರು ಇಟ್ಟುಕೊಂಡರು.

ಕಾನೂನಿನ ಪ್ರಕಾರ ತೀರ್ಪು ಸರಿಯಿರಬಹುದು. ಆದರೆ ಕೇಳುಗರೇ, ಅಂದು ಅಮೆರಿಕದಲ್ಲಿ ಈ ಕಥೆ ನೋಡಿದ ಕೋಟ್ಯಂತರ ಮಂದಿಯ ನಡುವೆ ಸನ್ನಿ ಕೂಡ ಒಬ್ಬ ನೋಡುಗ. ಅವರ ಅಭಿಪ್ರಾಯವನ್ನು ಯಾವ ಜನಪ್ರಿಯತೆಯ ಪಟ್ಟಿಯಲ್ಲಿ ಹುಡುಕುತ್ತೀರಿ? ಮನರಂಜನೆ ತಾನೇ, ಅಷ್ಟೇಕೆ ಮನಸ್ಸಿಗೆ ಹಚ್ಚಿಕೊಳ್ಳಬೇಕು ಎಂದು ಹೇಳುವವರನ್ನು ಕಂಡರೆ ನನಗೆ ತಾಳ್ಮೆ ಉಳಿಯುವುದಿಲ್ಲ. ಹಾಗೆ ಹೇಳುವವರ ಹೆಸರು ತೆರೆಯ ಮೇಲೆ ಬಂದಿರುವುದಿಲ್ಲ, ಅಷ್ಟೇ.

ಒಬ್ಬ ಮಗನ ಹೆಸರಿನಿಂದ ಈಗ ಒಂದು ಸಮುದಾಯದ ಹೆಸರುಗಳಿಗೆ ಬರೋಣ. ಧಾರಾವಾಹಿಯ ಖಳರು ವಾರ ವಾರ ಇಟಲಿಯ ಹೆಸರುಗಳನ್ನು ಹೊತ್ತು ಬರುತ್ತಿದ್ದರು. ಕಪೋನ್, ಅವನ ಗುಂಪಿನ ಫ್ರಾಂಕ್ ನಿಟ್ಟಿ ಇತಿಹಾಸದವರು, ಅವರನ್ನು ಬಿಡೋಣ. ಬರಹಗಾರರು ಕಲ್ಪಿಸಿದ ಪಾತಕಿಗಳಿಗೂ ಇಟಲಿಯ ಹೆಸರುಗಳೇ ಬಂದವು. ಅಂಗಡಿ ಇಟ್ಟು, ಕಾರ್ಖಾನೆಯಲ್ಲಿ ದುಡಿದು, ಯುದ್ಧದಲ್ಲಿ ಹೋರಾಡಿ ಬದುಕಿದ್ದ ಇಟಾಲಿಯನ್ ಅಮೆರಿಕನ್ ಕುಟುಂಬಗಳು ತಮ್ಮ ಮನೆಯ ಬಾಗಿಲ ಮೇಲಿದ್ದಂಥ ಹೆಸರನ್ನು ತೆರೆಯ ಮೇಲಿನ ಕೊಲೆಗಾರನಲ್ಲಿ ಕಂಡವು. ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಸದಸ್ಯ ಆಲ್ಫ್ರೆಡ್ ಸ್ಯಾಂಟಾಂಜೆಲೊ ನೇತೃತ್ವದ ಒಕ್ಕೂಟವೊಂದು 1961ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನ ಎಬಿಸಿ ಕಚೇರಿಯ ಮುಂದೆ ಪ್ರತಿಭಟನೆ ನಡೆಸಿತು. ಅದೇ ಹೊತ್ತಿಗೆ ಬ್ರೂಕ್ಲಿನ್ ಬಂದರಿನ ಕಾರ್ಮಿಕ ನಾಯಕ ಆಂಟನಿ ಅನಸ್ಟಾಸಿಯೊ, ಧಾರಾವಾಹಿಯ ಪ್ರಾಯೋಜಕರಾಗಿದ್ದ ಲಿಗೆಟ್ ಅಂಡ್ ಮೈಯರ್ಸ್ ಕಂಪನಿಯ ಚೆಸ್ಟರ್‌ಫೀಲ್ಡ್ ಸಿಗರೇಟನ್ನು ತನ್ನವರು ಮುಟ್ಟುವುದಿಲ್ಲ ಎಂದು ಘೋಷಿಸಿದ. ಸರಕು ಕಟ್ಟೆಯ ಮೇಲೆಯೇ ಉಳಿಯಿತು, ಕಂಪನಿ ಪ್ರಾಯೋಜಕತ್ವದಿಂದ ಹಿಂದೆ ಸರಿಯಿತು.

ಈ ಅನಸ್ಟಾಸಿಯೊನ ಅಣ್ಣ ಆಲ್ಬರ್ಟ್ ಸ್ವತಃ ಕುಖ್ಯಾತ ಪಾತಕಿಯಾಗಿದ್ದು 1957ರಲ್ಲಿ ಕ್ಷೌರದ ಕುರ್ಚಿಯಲ್ಲೇ ಹತನಾಗಿದ್ದವನು. ಅದನ್ನು ಮುಂದಿಟ್ಟುಕೊಂಡು ಇಡೀ ಪ್ರತಿಭಟನೆಯನ್ನು ಹಗುರವಾಗಿ ಕಾಣುವವರಿದ್ದಾರೆ. ಅದು ನ್ಯಾಯವಲ್ಲ. ದನಿ ಎತ್ತಿದವನ ಅಣ್ಣ ಯಾರು ಎಂಬುದರಿಂದ ಲಕ್ಷಾಂತರ ಸಾಮಾನ್ಯರ ನೋವು ಸುಳ್ಳಾಗುವುದಿಲ್ಲ. ಕೊನೆಗೆ ಒಂದು ಒಪ್ಪಂದವಾಯಿತು. ಕಲ್ಪಿತ ಖಳರಿಗೆ ಇನ್ನು ಇಟಲಿಯ ಹೆಸರು ಇಡುವುದಿಲ್ಲ, ನೆಸ್ ತಂಡದಲ್ಲೇ ಇದ್ದ ರಾಸ್ಸಿ ಎಂಬ ಇಟಾಲಿಯನ್ ಮೂಲದ ಅಧಿಕಾರಿಯ ಪಾತ್ರಕ್ಕೆ ಹೆಚ್ಚು ಅವಕಾಶ ಕೊಡುತ್ತೇವೆ, ಅಮೆರಿಕದ ಬದುಕಿಗೆ ಇಟಲಿಯವರು ಕೊಟ್ಟದ್ದನ್ನೂ ತೋರಿಸುತ್ತೇವೆ ಎಂದು ನಿರ್ಮಾಪಕರೂ ವಾಹಿನಿಯವರೂ ಮಾತು ಕೊಟ್ಟರು. ನೋಡುಗರ ಅಭಿಪ್ರಾಯ ಕಥೆಯ ಒಳಕ್ಕೇ ಹೋಗಿ ಪಾತ್ರಗಳ ಹೆಸರು ಬದಲಿಸಿತು ಎಂಬುದನ್ನು ಗಮನಿಸಿ.

ಸಮಯ ಓಡುತ್ತಿದೆ, ಉಳಿದವನ್ನು ಬೇಗ ಹೇಳುತ್ತೇನೆ. ಕಪೋನನನ್ನು ಅಟ್ಲಾಂಟಾದಿಂದ ಅಲ್ಕಟ್ರಾಝ್‌ಗೆ ರೈಲಿನಲ್ಲಿ ಸಾಗಿಸಿದ ಕಥೆ 1961ರ ಜನವರಿಯಲ್ಲಿ ಎರಡು ಕಂತುಗಳಾಗಿ ಬಂದಾಗ, ಕಾವಲುಗಾರರನ್ನು ಭ್ರಷ್ಟರೆಂದು ತೋರಿಸಿದ್ದಕ್ಕೆ ಫೆಡರಲ್ ಕಾರಾಗೃಹಗಳ ನಿರ್ದೇಶಕ ಜೇಮ್ಸ್ ಬೆನೆಟ್ ಬಲವಾಗಿ ಪ್ರತಿಭಟಿಸಿದರು, ಪ್ರಸಾರ ಕೇಂದ್ರಗಳ ಪರವಾನಗಿಯ ಮಾತನ್ನೂ ಎತ್ತಿದರು. ಅಲ್ಲಿ ಹೆಸರು ಒಂದು ಇಲಾಖೆಯದು. ಮಾ ಬಾರ್ಕರ್ ಎಂಬಾಕೆಯ ದರೋಡೆಕೋರರ ಗುಂಪನ್ನು ನೆಸ್ ಮುಗಿಸಿದಂತೆ ತೋರಿಸಿದ ಕಂತನ್ನು ಅಮೆರಿಕದ ಕೇಂದ್ರ ತನಿಖಾ ಸಂಸ್ಥೆಯಾದ ಎಫ್‌ಬಿಐ ಆಕ್ಷೇಪಿಸಿತು. 1935ರ ಜನವರಿಯಲ್ಲಿ ಫ್ಲಾರಿಡಾದಲ್ಲಿ ಆ ಗುಂಡಿನ ಕಾಳಗ ನಡೆಸಿದವರು ಎಫ್‌ಬಿಐನವರೇ. ನೆಸ್ ಆಗ ಒಹಾಯೋ ರಾಜ್ಯದಲ್ಲಿದ್ದರು. ಇಲ್ಲಿಯೂ ಪ್ರಶ್ನೆ ಅದೇ, ಹೆಸರು ಯಾರದು? ಸೆನೆಟರ್ ಥಾಮಸ್ ಡಾಡ್ ಅವರ ಉಪಸಮಿತಿ 1961ರಲ್ಲಿ ಕಿರುತೆರೆಯ ಹಿಂಸೆಯ ವಿಚಾರಣೆ ನಡೆಸಿದಾಗಲೂ ಈ ಧಾರಾವಾಹಿ ಮುಖ್ಯ ಗುರಿಯಾಯಿತು. ಮಕ್ಕಳು ನೋಡುತ್ತಾರಲ್ಲ ಎಂಬ ತಂದೆ-ತಾಯಿಯರ ಕಳಕಳಿ ನಿಜವಾದದ್ದೇ. ಆದರೆ ಹಿಂಸೆ ಎಂದು ಸಾಮಾನ್ಯವಾಗಿ ಮಾತಾಡಿದವರಿಗಿಂತ, ಇದು ನಮ್ಮ ಹೆಸರು ಎಂದು ಎದ್ದು ನಿಂತವರ ಮಾತು ನಿರ್ಮಾಪಕರಿಗೆ ಬೇಗ ತಲುಪಿತು.

ಈ ಧಾರಾವಾಹಿಯ ಕಂತುಗಳು ಇಂದಿಗೂ ನೋಡಲು ಸಿಗುತ್ತವೆ. ಕೇಳುಗರಲ್ಲಿ ಆಸಕ್ತರಿದ್ದರೆ, 1961ರ ಮಾರ್ಚ್‌ಗಿಂತ ಮೊದಲಿನ ಒಂದು ಕಂತನ್ನೂ ಅದರ ಮುಂದಿನ ಸೀಸನ್‌ನ ಒಂದು ಕಂತನ್ನೂ ಒಂದೇ ಸಂಜೆ ನೋಡಿ, ಖಳರ ಹೆಸರುಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ. ರಾಸ್ಸಿ ಪಾತ್ರ ಎಷ್ಟು ಹೊತ್ತು ತೆರೆಯ ಮೇಲಿರುತ್ತದೆ ಎಂಬುದನ್ನೂ ಗಮನಿಸಿ. ಈ ಅವಕಾಶ ಕೊಟ್ಟ ನಿಲಯದವರಿಗೆ ವಂದನೆಗಳು. ನಮಸ್ಕಾರ.