ಅಳಿವೆಯಿಂದ ಆಳ ಸಮುದ್ರಕ್ಕೆ

ಈಗ ನೀವು ನೋಡುತ್ತಿರುವುದು ಮಂಗಳೂರಿನ ಹಳೇ ಬಂದರು. ಧಕ್ಕೆಗೆ ಒತ್ತಿಕೊಂಡು ನಿಂತಿದೆಯಲ್ಲ, ಅದೇ ಮಂಜಿ. ಸರಕು ಸಾಗಿಸುವ ಮರದ ಹಡಗು. ಲಕ್ಷದ್ವೀಪಕ್ಕೆ ಸಿಮೆಂಟು, ಜಲ್ಲಿ, ತರಕಾರಿ ಇಂಥದ್ದರಲ್ಲೇ ಹೋಗುತ್ತದೆ. ಮಳೆಗಾಲ ಬಂತೆಂದರೆ ಮಂಜಿ ದಡ ಬಿಡುವುದಿಲ್ಲ.

ನಮ್ಮ ಕರಾವಳಿಯ ವ್ಯಾಪಾರ ನೂರಾರು ವರ್ಷ ನಡೆದದ್ದು ಸಣ್ಣ ಹಡಗುಗಳಲ್ಲೇ. ಬಸ್ರೂರು, ಭಟ್ಕಳ, ಹೊನ್ನಾವರ ಎಲ್ಲವೂ ಹೊಳೆಯನ್ನು ನಂಬಿಕೊಂಡ ಬಂದರುಗಳು. ಹಾಯಿ ಹಡಗಿಗೆ ಅಳಿವೆಯ ನೀರು ಸಾಕಿತ್ತು. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗದೆ ಹೋದಾಗ, ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾದಲ್ಲಿ ಹಡಗು ಹತ್ತಿತು.

ಉಗಿ ಹಡಗಿನ ಕಾಲಕ್ಕೆ ಯಜಮಾನಿಕೆ ಬ್ರಿಟಿಷ್ ಕಂಪನಿಗಳದ್ದಾಯಿತು. ವಿ.ಒ. ಚಿದಂಬರಂ ಪಿಳ್ಳೆಯವರು 1906ರಲ್ಲಿ ಸ್ವದೇಶಿ ಹಡಗು ಕಂಪನಿ ಕಟ್ಟಿ ತೂತ್ತುಕುಡಿಯಿಂದ ಕೊಲಂಬೊಗೆ ಹಡಗು ಓಡಿಸಿದರು. ಎದುರಾಳಿಗಳು ದರ ಇಳಿಸಿದರು, ಸರಕಾರ ಪಿಳ್ಳೆಯವರನ್ನು ಜೈಲಿಗೆ ಹಾಕಿತು, ಕಂಪನಿ ಉಳಿಯಲಿಲ್ಲ. 1919ರ ಏಪ್ರಿಲ್ 5ರಂದು ಭಾರತೀಯರದೇ ಆದ ಸಿಂಧಿಯಾ ಕಂಪನಿಯ ಎಸ್.ಎಸ್. ಲಾಯಲ್ಟಿ ಹಡಗು ಮುಂಬೈಯಿಂದ ಲಂಡನ್ನಿಗೆ ಹೊರಟಿತು. ಆ ದಿನವೇ ಈಗ ನಮ್ಮ ರಾಷ್ಟ್ರೀಯ ಕಡಲ ದಿನ. ಶಾಲೆಯ ಪಾಠದಲ್ಲಿ ಈ ಕಥೆಗೆ ಇನ್ನೂ ಜಾಸ್ತಿ ಜಾಗ ಸಿಗಬೇಕು ಅಂತ ನನಗನ್ನಿಸುತ್ತದೆ.

ಆದರೆ ಎಲ್ಲವನ್ನೂ ತಲೆಕೆಳಗು ಮಾಡಿದ್ದು ಒಂದು ಉಕ್ಕಿನ ಪೆಟ್ಟಿಗೆ. ಈ ಲಾರಿ ಮೇಲಿನ ಕಂಟೇನರಿನ ಮೂಲೆಯನ್ನು ಹತ್ತಿರದಿಂದ ನೋಡಿ. ಎಂಟೂ ಮೂಲೆಯಲ್ಲಿ ತೂತಿರುವ ದಪ್ಪ ಉಕ್ಕಿನ ಗಟ್ಟಿಗಳಿವೆ. ಆ ತೂತಿಗೆ ಟ್ವಿಸ್ಟ್‌ಲಾಕ್ ಎಂಬ ತಿರುಗುವ ಬೀಗ ಕೂರಿಸಿ ಕಾಲು ಸುತ್ತು ತಿರುಗಿಸಿದರೆ ಪೆಟ್ಟಿಗೆ ಅಲುಗಾಡುವುದಿಲ್ಲ. ಲಾರಿಗೂ ಇದೇ ಅಳತೆ, ಹಡಗಿಗೂ ಇದೇ. ಹಾಸನದಲ್ಲಿ ಕಾಫಿ ತುಂಬಿ ಸೀಲ್ ಹಾಕಿದರೆ ಇಟಲಿಯಲ್ಲೇ ಬಿಚ್ಚಬಹುದು. ದಾರಿಯಲ್ಲಿ ಯಾರೂ ಮೂಟೆ ಮುಟ್ಟಬೇಕಿಲ್ಲ.

1956ರಲ್ಲಿ ಅಮೆರಿಕದ ಐಡಿಯಲ್ ಎಕ್ಸ್ ಹಡಗು ಮೊದಲ ಸಲ ಹೊತ್ತದ್ದು 58 ಪೆಟ್ಟಿಗೆ. 2025ರ ಜೂನ್‌ನಲ್ಲಿ ಕೇರಳದ ವಿಳಿಂಜಂಗೆ ಬಂದ ಎಂಎಸ್‌ಸಿ ಐರಿನಾ, 20 ಅಡಿ ಪೆಟ್ಟಿಗೆಯ ಲೆಕ್ಕದಲ್ಲಿ, 24,346 ಹೊರುತ್ತದೆ. ಉದ್ದ ಸುಮಾರು 400 ಮೀಟರ್!

ಇಷ್ಟು ದೊಡ್ಡ ಹಡಗು ತುಂಬಿದಾಗ ನೀರಿನೊಳಗೆ 16 ಮೀಟರ್ ಆಸುಪಾಸು ಮುಳುಗಿರುತ್ತದೆ. ಬಂದರಿನವರು ಇದಕ್ಕೆ ಡ್ರಾಫ್ಟ್ ಎನ್ನುತ್ತಾರೆ. ಯಾವ ಊರಿಗೆ ವ್ಯಾಪಾರ ಬರಬೇಕು, ಯಾವ ಊರು ಬಡವಾಗಬೇಕು ಎಂದು ತೀರ್ಮಾನಿಸುತ್ತಾ ಬಂದದ್ದು ಇದೇ. ಅಳಿವೆಯಲ್ಲಿ ಮರಳು ತುಂಬಿದ ಬಂದರುಗಳು ಹಿಂದೆ ಬಿದ್ದವು. ಮಂಗಳೂರಿಗಾಗಿ ಪಣಂಬೂರಿನಲ್ಲಿ ಕಡಲತೀರವನ್ನೇ ಅಗೆದು 1970ರ ದಶಕದಲ್ಲಿ ಹೊಸ ಬಂದರು ಮಾಡಿದರು. ಮುಂಬೈ ಬಂದರಿನಲ್ಲಿ ಜಾಗ ಸಾಲದೆ 1989ರಲ್ಲಿ ಹತ್ತಿರದಲ್ಲೇ ನಾವಾ ಶೇವಾ ಬಂದರು ಶುರುವಾಯಿತು.

ಅಷ್ಟಾದರೂ ಸಾಲಲಿಲ್ಲ. ತೂಕದ ಲೆಕ್ಕದಲ್ಲಿ ಭಾರತದ ವಿದೇಶ ವ್ಯಾಪಾರದ ಸುಮಾರು 95 ಶೇಕಡಾ ನಡೆಯುವುದು ಸಮುದ್ರದ ಮೇಲೆ. ಆದರೂ ನಮ್ಮ ಎಷ್ಟೋ ಕಂಟೇನರುಗಳು ಸಣ್ಣ ಫೀಡರ್ ಹಡಗಿನಲ್ಲಿ ಕೊಲಂಬೊ, ಸಿಂಗಾಪುರಕ್ಕೆ ಹೋಗಿ, ಅಲ್ಲಿ ದೊಡ್ಡ ಹಡಗು ಹತ್ತುತ್ತಿದ್ದವು. ಖರ್ಚೂ ಜಾಸ್ತಿ, ದಿನಗಳೂ ಜಾಸ್ತಿ. ವಿಳಿಂಜಂನಲ್ಲಿ ಸಹಜವಾಗಿಯೇ 18 ಮೀಟರಿಗೂ ಹೆಚ್ಚು ಆಳವಿರುವುದರಿಂದ ದೊಡ್ಡ ಹಡಗು ನೇರವಾಗಿ ಬರುತ್ತಿದೆ. ಇದು ನನಗೆ ನಿಜಕ್ಕೂ ಖುಷಿಯ ಸುದ್ದಿ.

ಮಹಾರಾಷ್ಟ್ರದ ವಾಢವಣದಲ್ಲೂ ಇಂಥದೇ ಆಳದ ಬಂದರಿಗೆ 2024ರಲ್ಲಿ ಅಡಿಗಲ್ಲು ಬಿದ್ದಿದೆ. ಅಲ್ಲಿನ ಮೀನುಗಾರರು ವರ್ಷಗಳಿಂದ ವಿರೋಧಿಸುತ್ತಿದ್ದಾರೆ. ವಿಳಿಂಜಂನಲ್ಲೂ 2022ರಲ್ಲಿ ದೊಡ್ಡ ಹೋರಾಟ ನಡೆದಿತ್ತು. ಆಳದ ನೀರು ಇದ್ದಲ್ಲಿ ಬಲೆ ಹಾಕಿ ಬದುಕುವವರೂ ಇರುತ್ತಾರೆ ಅಲ್ವಾ? ಬಂದರಿನ ನಕ್ಷೆ ಬರೆಯುವ ಮೊದಲೇ ಅವರನ್ನು ಕೂರಿಸಿ ಮಾತಾಡಬೇಕು.